ತೋಟದ ಲೈನ್‌ಮನೆಯ (ಕಾರ್ಮಿಕರ ಸಾಲುಮನೆ) ಮಕ್ಕಳ ಪಾಲನೆ ಹೇಗೆ?

ಪ್ರಶ್ನೆ: ಮೂಡಿಗೆರೆ ಬಳಿಯ ನಮ್ಮ ತೋಟದಿಂದ ಅಂಗನವಾಡಿ ಮೂರು ಕಿಲೋಮೀಟರ್ ದೂರವಿರುವುದರಿಂದ, ಕಾಫಿ ಕೊಯ್ಲಿಗೆ ಬಂದ ತಾಯಂದಿರು ಕೂಸುಗಳನ್ನು ಗಿಡದ ಬುಡದಲ್ಲಿ ಗೋಣಿತಾಟಿನ ಮೇಲೆ ಮಲಗಿಸುತ್ತಾರೆ. ಪರಿಹಾರವಿದೆಯೇ?

ಉತ್ತರ 1: ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು, ಸಣ್ಣ ತೋಟಗಳು ಹೊರಗುಳಿದವು. ಅಕ್ಕಪಕ್ಕದ ಬೆಳೆಗಾರರು ಸೇರಿ ಒಂದು ಕೊಠಡಿ ನಡೆಸಿ. ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ಯನ್ನೂ ವಿಚಾರಿಸಿ.

ಉತ್ತರ 2: ಸಕಲೇಶಪುರದ ಕಡೆ ಅಂಗನವಾಡಿ ಕಾರ್ಯಕರ್ತೆಯಾಗಿರುವ ನನ್ನ ಅನುಭವದಲ್ಲಿ, ಕೊಠಡಿಗಿಂತ ಮಕ್ಕಳೊಡನೆ ಮಾತನಾಡುವ ಆಯಾ ಮುಖ್ಯ. ಎಣಿಸಲು ಕೊಟ್ಟ ಕಾಫಿ ಬೀಜವನ್ನು ಒಬ್ಬ ಮೂಗಿಗೆ ತುರುಕಿಕೊಂಡ (ತಪ್ಪು ನನ್ನದೇ). ಈಗ ತೆಂಗಿನ ಚಿಪ್ಪು, ಅಡಿಕೆ ಹಾಳೆಗಳೇ ಆಟಿಕೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳಿಗೆ ಅವರ ತಾಯಂದಿರಿಂದಲೇ ಹಾಡು ಹೇಳಿಸುತ್ತೇನೆ.

ಪ್ರಶ್ನಿಸಿದವರು: ಧನ್ಯವಾದಗಳು, ಮೇಡಂ. ಹಳೆಯ ಗೋದಾಮೊಂದು ಖಾಲಿಯಿದೆ. ಮೊದಲು ಶೌಚಾಲಯ ಕಟ್ಟಿಸುತ್ತೇನೆ.