ಪಿ ವ್ಯಾಲ್ಯೂ 0.08 ಬಂದಿದೆ, ಇನ್ನು ಹತ್ತು ಜನರನ್ನು ಸೇರಿಸಿದರೆ ತಪ್ಪಾ?

ರೂಮ್ ನಂಬರ್ 14

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ಸೈಕಾಲಜಿ ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ನಿದ್ದೆಗೂ ಪರೀಕ್ಷೆಯ ಭಯಕ್ಕೂ ಸಂಬಂಧ ಇದೆಯಾ ಅನ್ನುವುದು ನನ್ನ ಪ್ರಾಜೆಕ್ಟು. ವಿದ್ಯಾನಗರದ ಕಡೆ ನಾನಿರುವ ಹಾಸ್ಟೆಲ್ಲಿನಲ್ಲೇ 30 ಪಿಯು ಹುಡುಗಿಯರಿಂದ ಪ್ರಶ್ನಾವಳಿ ತುಂಬಿಸಿಕೊಂಡೆ. ಎಸ್‌ಪಿಎಸ್‌ಎಸ್‌ಗೆ (ಲೆಕ್ಕ ಹಾಕುವ ಸಾಫ್ಟ್‌ವೇರ್) ಹಾಕಿದರೆ ಕೊರಿಲೇಷನ್, ಅಂದರೆ ಎರಡರ ನಂಟಿನ ಅಳತೆ, ಮೈನಸ್ 0.32 ಬಂತು. ನಿದ್ದೆ ಕಮ್ಮಿ ಇದ್ದವರಿಗೆ ಭಯ ಜಾಸ್ತಿ. ಖುಷಿಯಾಯಿತು. ಕೆಳಗಿನ ಸಾಲು ನೋಡಿದರೆ ಪಿ ವ್ಯಾಲ್ಯೂ 0.08! ಅದು 0.05ಕ್ಕಿಂತ ಕಮ್ಮಿ ಇದ್ದರೆ ಮಾತ್ರ ಫಲಿತಾಂಶ ಒಪ್ಪುವುದು ವಾಡಿಕೆ.

"ಇನ್ನೊಂದು ಹತ್ತು ಜನರನ್ನು ಸೇರಿಸಿ ನೋಡಮ್ಮ, 0.05ರ ಕೆಳಗೆ ಬಂದರೂ ಬಂತು" ಅಂದರು ಗೈಡ್. ಸ್ಯಾಂಪಲ್ ದೊಡ್ಡದಾದಷ್ಟೂ ಒಳ್ಳೆಯದು ಅಂತ ಕ್ಲಾಸಿನಲ್ಲೂ ಹೇಳಿದ್ದರು. ಆದರೂ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಇದರಲ್ಲಿ ತಪ್ಪೇನಾದರೂ ಇದೆಯಾ?

ಕೋಟೆ ಮೇಷ್ಟ್ರು

ಮನಸ್ಸು ಒಪ್ಪದೇ ಇದ್ದದ್ದು ಒಳ್ಳೆಯದೇ ಆಯಿತಮ್ಮ. ನಾನು ಚಿತ್ರದುರ್ಗದಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಮಾಡಿ ರಿಟೈರ್ ಆದವನು. ಒಂದು ದೋಸೆಯ ಕಥೆ ಹೇಳುತ್ತೇನೆ, ಕೇಳು.

ನಮ್ಮ ಮನೆಯವರ ತವರು ನಿಮ್ಮ ದಾವಣಗೆರೆ. ಸೌದೆ ಒಲೆಯ ಬೆಣ್ಣೆ ದೋಸೆ ಯಾವುದು, ಗ್ಯಾಸಿನದು ಯಾವುದು ಅಂತ ಕಣ್ಣು ಮುಚ್ಚಿ ಹೇಳುತ್ತೇನೆ ಅನ್ನುವುದು ಅವಳ ಬಹಳ ದಿನದ ವಾದ. ನನ್ನ ಭಾವಮೈದನ ಸಣ್ಣ ಹೋಟೆಲ್ಲಿನಲ್ಲಿ ಎರಡೂ ಒಲೆ ಇವೆ. ಒಂದು ಭಾನುವಾರ ಮಧ್ಯಾಹ್ನ ಪರೀಕ್ಷೆ ಇಟ್ಟೆವು. ಸೌದೆಯವು ನಾಲ್ಕು, ಗ್ಯಾಸಿನವು ನಾಲ್ಕು. ಒಂದೇ ಹಿಟ್ಟು, ಅಷ್ಟೇ ಬೆಣ್ಣೆ. ಯಾವುದು ಮೊದಲು ಅಂತ ಚೀಟಿ ಎತ್ತಿದೆವು. ತುತ್ತು ತಂದುಕೊಟ್ಟ ಹುಡುಗನಿಗೂ ಯಾವುದು ಯಾವುದೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನ ಮುಖ ನೋಡಿಯೇ ಹೇಳಿಬಿಡುತ್ತಿದ್ದಳು! ನಿಮ್ಮ ಪುಸ್ತಕದ ಕಂಟ್ರೋಲ್, ರ್‍ಯಾಂಡಮ್, ಬ್ಲೈಂಡ್ ಎಲ್ಲ ಇಷ್ಟೇ. ಉಪಾಯ ನನ್ನದಲ್ಲ. ಸ್ಟಾಟಿಸ್ಟಿಕ್ಸ್ ಪಂಡಿತ ರೊನಾಲ್ಡ್ ಫಿಶರ್ 1935ರ ಪುಸ್ತಕದಲ್ಲಿ ಎಂಟು ಕಪ್ ಚಹಾ ಇಟ್ಟುಕೊಂಡು ಇದನ್ನೇ ವಿವರಿಸಿದ್ದಾರೆ. ಕಪ್ಪಿಗೆ ಮೊದಲು ಹಾಲು ಹಾಕಿದ್ದೋ ಚಹಾ ಹಾಕಿದ್ದೋ ಅಂತ ಒಬ್ಬ ಹೆಂಗಸು ಹೇಳಬೇಕಿತ್ತು.

ಎಂಟರಲ್ಲಿ ಸೌದೆಯ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಎಲ್ಲವೂ ಸರಿಯಾಗುವುದು ಒಂದರಲ್ಲಿ ಮಾತ್ರ. ಹಾಗೆ ಹೇಳಿದ್ದರೆ ನಾನು ಕೈ ಮುಗಿಯುತ್ತಿದ್ದೆ. ಅವಳು ಎಂಟರಲ್ಲಿ ಆರು ಸರಿ ಹೇಳಿದಳು. ಚೆನ್ನಾಗಿ ಕಾಣುತ್ತದೆ ಅಲ್ವಾ? ಆದರೆ ರುಚಿಯೇ ಗೊತ್ತಿಲ್ಲದವರು ಸುಮ್ನೆ ಊಹಿಸಿದರೂ ಆರು ಅಥವಾ ಅದಕ್ಕಿಂತ ಜಾಸ್ತಿ ಸರಿಯಾಗುವ ಸಾಧ್ಯತೆ 70ರಲ್ಲಿ 17, ಅಂದರೆ ಶೇಕಡಾ 24. ಪಿ ವ್ಯಾಲ್ಯೂ ಅಂದರೆ ಇದೇ. ಅವಳಿಗೆ ರುಚಿ ಗೊತ್ತಿಲ್ಲ ಅನ್ನುವುದರ ಸಾಧ್ಯತೆ ಅಲ್ಲ ಅದು. ಗೊತ್ತಿಲ್ಲ ಅಂತ ಇಟ್ಟುಕೊಂಡರೆ ಇಂಥ ಫಲಿತಾಂಶ ಎಷ್ಟು ಸಲೀಸಾಗಿ ಬರುತ್ತದೆ ಅನ್ನುವ ಲೆಕ್ಕ. ನನ್ನ ಜೊತೆಯ ಲೆಕ್ಚರರ್‌ಗಳೇ ಇದನ್ನು ತಿರುವುಮುರುವು ಹೇಳುತ್ತಿದ್ದರು.

ಆಗ ಅವಳು ಏನಂದಳು ಗೊತ್ತಾ? "ಇನ್ನೆರಡು ತರಿಸಿ, ಆಗ ಹೇಳ್ತೀನಿ." ನಿನ್ನ ಗೈಡ್ ಹೇಳಿದ್ದೂ ಅದೇ. ಗೆದ್ದಿದ್ದರೆ ಇನ್ನೆರಡು ಕೇಳುತ್ತಿದ್ದಳಾ? ಸೋತಾಗ ಮಾತ್ರ ಆಟ ಮುಂದುವರಿಯುತ್ತದೆ, ಗೆದ್ದ ಕೂಡಲೇ ನಿಲ್ಲುತ್ತದೆ. ಹೀಗೆ ನಡುನಡುವೆ ಇಣುಕಿ ನೋಡಿದರೆ 0.05 ಅನ್ನುವ ಮಿತಿಗೆ ಬೆಲೆ ಉಳಿಯುವುದಿಲ್ಲ. ಸಂಬಂಧವೇ ಇಲ್ಲದ ಕಡೆ ಒಂದು ಸಲ ನೋಡಿದರೆ ಮೋಸ ಹೋಗುವ ಸಾಧ್ಯತೆ ಶೇಕಡಾ 5. ಸಮನಾಗಿ ಸ್ಯಾಂಪಲ್ ಸೇರಿಸುತ್ತಾ ಎರಡು ಸಲ ನೋಡಿದರೆ 8, ಐದು ಸಲಕ್ಕೆ ಸುಮಾರು 14.

ಸ್ಯಾಂಪಲ್ ದೊಡ್ಡದಿರಲಿ ಅನ್ನುವುದು ಸರಿಯೇ. ಎಷ್ಟು ದೊಡ್ಡದು ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು. 0.3ರಷ್ಟು ಕೊರಿಲೇಷನ್ ಹಿಡಿಯಬೇಕು, ಐದರಲ್ಲಿ ನಾಲ್ಕು ಸಲವಾದರೂ ಸಿಗಬೇಕು ಅಂದರೆ ಸುಮಾರು 85 ಜನ ಬೇಕು. 30 ಜನ ಅಂದರೆ ಮೂರು ಸಲಕ್ಕೆ ಒಂದು ಸಲ ಸಿಕ್ಕರೆ ಹೆಚ್ಚು. ತೂತು ದೊಡ್ಡದಿದ್ದ ಬಲೆ.

ಮಂಡಕ್ಕಿ ಮಿರ್ಚಿ

ಮೇಷ್ಟ್ರೇ, ದೋಸೆ ಕಥೆ ಓದಿ ಹಸಿವಾಯಿತು 😄

ತಂಗಿ, ನಾನು ಕೌನ್ಸೆಲಿಂಗ್ ಮಾಡುವವಳು, ಲೆಕ್ಕದ ತಂಟೆಗೆ ಬರುವುದಿಲ್ಲ. ಪಿಯು ಹುಡುಗಿಯರು ಅಂದರೆ ಬಹುಪಾಲು 18 ತುಂಬದವರು. ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ ತಗೊಂಡಿದ್ದೀಯಾ? ವಾರ್ಡನ್ ಹೂಂ ಅಂದರೆ ಸಾಲದು. ಇನ್ನೊಂದು, ಫಾರ್ಮ್ ಕೊಟ್ಟದ್ದು ಯಾವಾಗ? ಟೆಸ್ಟ್ ಹಿಂದಿನ ರಾತ್ರಿ ಕೊಟ್ಟಿದ್ದರೆ ಎಲ್ಲರಿಗೂ ನಿದ್ದೆ ಕಮ್ಮಿ, ಎಲ್ಲರಿಗೂ ಭಯ. ಭಯದಿಂದ ನಿದ್ದೆ ಕೆಟ್ಟಿತೋ ನಿದ್ದೆ ಕೆಟ್ಟು ಭಯ ಬಂತೋ ಅಂತ ಒಂದು ಸಲ ತುಂಬಿದ ಫಾರ್ಮಿನಿಂದ ಹೇಳಲಿಕ್ಕೆ ಆಗುವುದಿಲ್ಲ. "ಪರಿಣಾಮ" ಅನ್ನುವ ಪದ ಟೈಟಲ್ಲಿನಲ್ಲಿ ಇದ್ದರೆ ತೆಗೆದುಬಿಡು.

ರೂಮ್ ನಂಬರ್ 14

ಅಕ್ಕ, ಒಪ್ಪಿಗೆ ಪತ್ರ ಎಲ್ಲರದ್ದೂ ಇದೆ, ಊರಿಗೆ ಹೋದಾಗ ಸಹಿ ಹಾಕಿಸಿಕೊಂಡು ಬಂದಿದ್ದರು. ಟೈಟಲ್ಲಿನಲ್ಲಿ "ಪರಿಣಾಮ" ಇದೆ 🙈 ಬದಲಾಯಿಸುತ್ತೇನೆ.

ಮೇಷ್ಟ್ರೇ, ಒಂದು ವಿಷಯ ಮುಚ್ಚಿಟ್ಟಿದ್ದೆ. ಪ್ರಶ್ನೆ ಹಾಕುವ ಹಿಂದಿನ ದಿನವೇ ಇನ್ನೂ 6 ಜನರಿಂದ ತುಂಬಿಸಿಕೊಂಡಿದ್ದೆ. ಈಗ 36. ಕೊರಿಲೇಷನ್ ಅದೇ ಮೈನಸ್ 0.32. ಪಿ ಮಾತ್ರ 0.06ಕ್ಕೆ ಇಳಿಯಿತು. ಆ ಆರು ಫಾರ್ಮ್ ಹರಿದು ಹಾಕಲಾ?

ಕೋಟೆ ಮೇಷ್ಟ್ರು

ಹರಿಯಬೇಡ! ಆ ಹುಡುಗಿಯರು ಓದುವ ಹೊತ್ತು ಬಿಟ್ಟು ತುಂಬಿಕೊಟ್ಟಿದ್ದಾರೆ.

ನೀನೇ ನೋಡು, ನಿದ್ದೆಗೂ ಭಯಕ್ಕೂ ಇರುವ ನಂಟು ಕೂದಲಷ್ಟೂ ಬದಲಾಗಿಲ್ಲ. ತಲೆಗಳು ಆರು ಜಾಸ್ತಿಯಾದವು, ಪಿ ಇಳಿಯಿತು, ಅಷ್ಟೆ. 0.05 ಏನು ಆಕಾಶದಿಂದ ಇಳಿದದ್ದಲ್ಲ. ಅನುಕೂಲದ ಗೆರೆ ಅಂತ ಫಿಶರ್ 1925ರಲ್ಲೇ ಬರೆದಿದ್ದರು.

ಮೊದಲು 30 ಜನರ ಲೆಕ್ಕ ಬರಿ. ಆ ಕೊರಿಲೇಷನ್ನಿನ 95 ಶೇಕಡಾ ವ್ಯಾಪ್ತಿ (ನಿಜವಾದ ನಂಟು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು) ಮೈನಸ್ 0.61ರಿಂದ ಪ್ಲಸ್ 0.05ರವರೆಗೆ ಬರುತ್ತದೆ, ಅದನ್ನೂ ಹಾಕು. ಆಮೇಲೆ ಒಂದು ಸಾಲು: ಫಲಿತಾಂಶ ನೋಡಿದ ಮೇಲೆ 6 ಜನರನ್ನು ಸೇರಿಸಿದೆ, ಹೀಗೆ ಬಂತು. ವೈವಾದಲ್ಲಿ ಯಾರಾದರೂ ಕೇಳಿದರೆ ದೋಸೆ ಕಥೆ ಹೇಳು. ಮನೆಯವರ ಅನುಮತಿ ಕೇಳಿಲ್ಲ, ಹೆಸರು ಹೇಳಬೇಡ.