ಬ್ರೇಕ್‌ಪಾಯಿಂಟ್ ತಾನ ಪ್ರಿಂಟ್ ಮಾಡಿ ತಾನ ಮುಂದ ಹೋಗೂ ಹಂಗ ಮಾಡೂದು ಹೆಂಗ?

ಪ್ರಶ್ನೆ (ಬಾಗಲಕೋಟೆ): ಸರ್, ಕಬ್ಬಿನ ಗಾಡಿ ತೂಗೂ ಕಾಟಾದಿಂದ ಸೀರಿಯಲ್ ಪೋರ್ಟ್ ಮೂಲಕ ತೂಕ ಓದೂ ಸಿ ಪ್ರೋಗ್ರಾಂ ಐತ್ರಿ, ಲಿನಕ್ಸ್ ಮ್ಯಾಲ. ಸಾವಿರಾರು ಸಲ ಬರೋಬರಿ ಓದತೈತಿ, ಯಾವಾಗರ ಒಮ್ಮೆ ಮೈನಸ್ ತೂಕ ತೋರಸತೈತಿ. ಜಿಡಿಬಿ (ತಪ್ಪು ಹುಡುಕೂ ಡಿಬಗರ್) ಒಳಗ 212ನೇ ಸಾಲಿಗೆ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಂದರೂ ಗುರುತು) ಇಟ್ರ ಪ್ರತಿ ಫ್ರೇಮಿಗೂ (ಕಾಟಾ ಒಮ್ಮೆ ಕಳಸೂ ತೂಕದ ಬೈಟ್‌ಗಳ ಗುಂಪು) ನಿಂದರತೈತಿ. ಪ್ರಿಂಟ್, ಕಂಟಿನ್ಯೂ, ಮತ್ತ ಪ್ರಿಂಟ್. ಇದನ್ನ ಜಿಡಿಬಿನ ಮಾಡೂ ಹಂಗ ಮಾಡಬಹುದೇನ್ರಿ?

ಉತ್ತರ (ಬೆಳಗಾವಿ): ಮಾಡಬಹುದ್ರಿ. ಬ್ರೇಕ್‌ಪಾಯಿಂಟ್ ನಂಬರ್ 1 ಇದ್ರ 'ಕಮಾಂಡ್ಸ್ 1' ಅಂತ ಹೊಡೀರಿ. ಆಮ್ಯಾಲ ಒಂದೊಂದ ಸಾಲಿಗೆ ಹಿಂಗ:

ಸೈಲೆಂಟ್
ಪ್ರಿಂಟ್‌ಎಫ್ (ತೂಕ, ಪೋರ್ಟ್ ಓದೂ ರೀಡ್ ಫಂಕ್ಷನ್ ಕೊಟ್ಟ ಬೈಟ್ ಸಂಖ್ಯೆ)
ಕಂಟಿನ್ಯೂ
ಎಂಡ್

ಸೈಲೆಂಟ್ ಮೊದಲನೇ ಸಾಲಿನ್ಯಾಗ ಇರಬೇಕು, ಅಂದ್ರನ 'ಬ್ರೇಕ್‌ಪಾಯಿಂಟ್ 1' ಅನ್ನೂ ಗದ್ದಲ ನಿಲ್ಲತೈತಿ. ಪ್ರಿಂಟ್‌ಎಫ್ ಕೊನೀಗೆ ಹೊಸ ಸಾಲಿನ ಗುರುತು ಹಾಕ್ರಿ, ಇಲ್ಲಂದ್ರ ಎಲ್ಲಾ ಒಂದಕ್ಕೊಂದು ಹತ್ತಿಕೊಂಡು ಬರತೈತಿ. ಕಂಟಿನ್ಯೂ ಆದ ಮ್ಯಾಲ ಏನ ಬರದ್ರೂ ಜಿಡಿಬಿ ಅದನ್ನ ಓಡಸೂದಿಲ್ಲ. ನೆಕ್ಸ್ಟ್, ಫಿನಿಶ್‌ಗೂ ಇದ ಕಾನೂನು. ಫಂಕ್ಷನ್ ಏನ ರಿಟರ್ನ್ ಮಾಡತೈತಿ ನೋಡಬೇಕಂದ್ರ ಫಿನಿಶ್ ಬಿಟ್ಟು ರಿಟರ್ನ್ ಸಾಲಿಗೇ ಬ್ರೇಕ್‌ಪಾಯಿಂಟ್ ಇಡ್ರಿ.

ಮರುಪ್ರಶ್ನೆ: ಹಾಕಿದೆ ಸರ್. ಸ್ವಲ್ಪ ಓಡಿ ಮತ್ತ ನಿಂತು ಎಂಟರ್ ಒತ್ತು ಅಂತೈತಿ. ತೂಕದ ಜಾಗಾದಾಗ 'ಆಪ್ಟಿಮೈಸ್ಡ್ ಔಟ್' ಅಂತ ಬರತೈತಿ.

ಉತ್ತರ (ಬೆಳಗಾವಿ): ಮೊದಲನೇದು ಪೇಜಿನೇಶನ್. ಸ್ಕ್ರೀನ್ ತುಂಬಿದ ಕೂಡಲೆ ತಡೀತೈತಿ. 'ಸೆಟ್ ಪೇಜಿನೇಶನ್ ಆಫ್' ಕೊಡ್ರಿ. ಲಾಗ್ ಫೈಲಿಗೆ ಹೋಗಲಿ ಅಂದ್ರ ಮೊದಲು 'ಸೆಟ್ ಲಾಗಿಂಗ್ ಫೈಲ್' ಅಂತ ಹೆಸರು, ಆಮ್ಯಾಲ ಜಿಡಿಬಿ 12 ಮತ್ತು ಅದರ ಈಚಿನವರೊಳಗ 'ಸೆಟ್ ಲಾಗಿಂಗ್ ಎನೇಬಲ್ಡ್ ಆನ್', ಹಳೇದರೊಳಗ 'ಸೆಟ್ ಲಾಗಿಂಗ್ ಆನ್'. ಎರಡನೇದು, ಕಂಪೈಲರ್ ವೇಗಕ್ಕಂತ ಆ ವೇರಿಯೇಬಲ್ ತಗದ ಹಾಕೈತಿ; ಅದಕ್ಕ ಕಂಪೈಲರಿಗೆ ಮೈನಸ್ ಜಿ, ಮೈನಸ್ ಓಜಿ ಹಾಕಿ ಮತ್ತ ಕಂಪೈಲ್ ಮಾಡ್ರಿ. ಆದರೂ ಹಂಗ ಬಂದ್ರ ಮೈನಸ್ ಓ ಸೊನ್ನೆ.

ಉತ್ತರ (ವಿಜಯಪುರ): ಬರೇ ಪ್ರಿಂಟ್ ಬೇಕಂದ್ರ ಅಷ್ಟೆಲ್ಲಾ ಬ್ಯಾಡ್ರಿ, 'ಡಿಪ್ರಿಂಟ್‌ಎಫ್' ಒಂದ ಸಾಲಿನ್ಯಾಗ ಮುಗಸತೈತಿ: ಸಾಲಿನ ನಂಬರ್, ಅಲ್ಪವಿರಾಮ, ಫಾರ್ಮ್ಯಾಟ್, ವೇರಿಯೇಬಲ್. ಆದರ ನನ್ನ ಪ್ರಕಾರ ಇಲ್ಲಿ ಎಲ್ಲಾ ಫ್ರೇಮ್ ಪ್ರಿಂಟ್ ಮಾಡೂದ ತಪ್ಪು ದಾರಿ. ಬ್ರೇಕ್‌ಪಾಯಿಂಟ್ ತಾಕಿದಾಗೊಮ್ಮೆ ಪ್ರೋಗ್ರಾಂ ನಿಂತು ಜಿಡಿಬಿಗೆ ಹೋಗಿ ವಾಪಸ್ ಬರಬೇಕು. ಕಂಡೀಷನ್ ಹಾಕಿದ್ರೂ ಪ್ರತಿ ಸಲ ಇದ ಸುತ್ತು, ಯಾಕಂದ್ರ ಕಂಡೀಷನ್ ನೋಡೂದೂ ಜಿಡಿಬಿನ. ಸೀರಿಯಲ್ ಪೋರ್ಟಿನ ವೇಗ 9600 ಬಾಡ್ ಇದ್ರ ಸೆಕೆಂಡಿಗೆ ಸುಮಾರು 960 ಬೈಟ್ ಬರತಾವ, ನಿಮಗಾಗಿ ಕಾಯೂದಿಲ್ಲ. ನೀವು ಕೈಯಿಂದ ನಿಲ್ಲಿಸಿ ಚಾ ಕುಡದು ಬಂದ್ರ ಬಫರ್ ತುಂಬಿ ಬೈಟ್ ಉದುರತಾವ, ಆವಾಗ ಹುಟ್ಟೂ ಮೈನಸ್ ತೂಕ ಡಿಬಗರಿಂದ ಆದದ್ದು.

ತೂಕ ಗ್ಲೋಬಲ್ ವೇರಿಯೇಬಲ್ ಆಗಿದ್ರ 'ವಾಚ್' (ಬೆಲೆ ಬದಲಾದಾಗ ನಿಲ್ಲಸೂ ಕಾವಲು) ಇಟ್ಟು 'ಇಫ್ ತೂಕ < 0' ಸೇರಸ್ರಿ, ಕಮಾಂಡ್ಸ್ ಒಳಗ 'ಬಿಟಿ 3' (ಯಾವ ಫಂಕ್ಷನ್ ಯಾವುದನ್ನ ಕರದೈತಿ ಅಂತ ಒಳಗಿನ ಮೂರು ಹಂತ ತೋರಸೂದು) ಹಾಕಿ ಕಂಟಿನ್ಯೂ ಕೊಡ್ರಿ. ಎಕ್ಸ್86 ಪ್ರೊಸೆಸರ್‌ದಾಗ ಹಾರ್ಡ್‌ವೇರ್ ವಾಚ್‌ಗೆ ನಾಕ ರಿಜಿಸ್ಟರ್ ಅದಾವ. ಅವನ್ನ ಬಿಟ್ಟು ಸಾಫ್ಟ್‌ವೇರ್ ವಾಚ್‌ಗೆ ಇಳದ್ರ ಒಂದೊಂದ ಇನ್‌ಸ್ಟ್ರಕ್ಷನ್ ಹೆಜ್ಜಿ ಹಾಕಿ ಓಡತೈತಿ, ಅದು ಕಾಟಾ ಕೆಲಸಕ್ಕ ಉಪಯೋಗಿಲ್ಲ. ಬೆಲೆ ಬದಲಾದ ಮ್ಯಾಲ ನಿಂದರತೈತಿ, ಹಂಗಾಗಿ ತೋರಸೂ ಸಾಲು ಮುಂದಿನದು ಇರಬಹುದು, ಒಂದ ಸಾಲು ಮ್ಯಾಲೂ ನೋಡ್ರಿ.

ನನಗ ಅನುಮಾನ ರೀಡ್ ಮ್ಯಾಲನ. ಅದು ಪೂರ್ತಿ ಫ್ರೇಮ್ ಕೊಡತೈತಿ ಅಂತ ಎಲ್ಲೂ ಹೇಳಿಲ್ಲ, ಅರ್ಧ ಬಂದದ್ದನ್ನ ಪಾರ್ಸ್ ಮಾಡಿದ್ರ ಅಂಕಿ ಜಾರತಾವ. ಮೊದಲು ಅದರ ಬೈಟ್ ಸಂಖ್ಯೆ ನೋಡ್ರಿ.

ಮರುಪ್ರಶ್ನೆ: ಬೈಟ್ ಸಂಖ್ಯೆ ಒಮ್ಮೊಮ್ಮೆ ಕಡಿಮಿ ಬರತೈತಿ ಸರ್! ಬಫರಿನ್ಯಾಗ ಕೂಡಸ್ಕೊಂತ ಹೋಗ್ತೀನಿ. ಈ ಕಮಾಂಡ್ಸ್ ಪ್ರತಿ ಸಲ ಮತ್ತ ಹೊಡೀಬೇಕೇನ್ರಿ?

ಉತ್ತರ (ಬೆಳಗಾವಿ): ಬ್ಯಾಡ್ರಿ. 'ಸೇವ್ ಬ್ರೇಕ್‌ಪಾಯಿಂಟ್ಸ್' ಅಂತ ಫೈಲ್ ಹೆಸರು ಕೊಟ್ರ ಕಂಡೀಷನ್, ಕಮಾಂಡ್ಸ್ ಎಲ್ಲಾ ಉಳೀತಾವ, ಮರುದಿನ 'ಸೋರ್ಸ್' ಕೊಡ್ರಿ. ಕೋಡ್ ತಿದ್ದಿದ್ರ 212ನೇ ಸಾಲು ಸರಿದಿರತೈತಿ, ಅದಕ್ಕ ಆದಷ್ಟು ಫಂಕ್ಷನ್ ಹೆಸರಿಗೆ ಇಡ್ರಿ.