ಸಹಾಯ ಬೇಕು: 9ನೇ ತರಗತಿ ಇಂಗ್ಲಿಷ್‌ಗೆ ಜಾಹೀರಾತುಗಳು

ಕನ್ನಡ ಮಾಧ್ಯಮದ ಮಕ್ಕಳಿಗೆ 40 ನಿಮಿಷದ ವಿಮರ್ಶಾತ್ಮಕ ಓದಿನ ಪಾಠಕ್ಕೆ ಇಂಗ್ಲಿಷ್ ಜಾಹೀರಾತುಗಳು ಬೇಕು. ಒಂದು ಜೋಡಿ ಇದೆ: 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಹೋಗಿ ‘ಗ್ಲೋ ಅಂಡ್ ಲವ್ಲಿ’ ಆಯಿತಲ್ಲ, ಹಳೆಯದು ಹೊಸದು ಪಕ್ಕಪಕ್ಕ ಇಟ್ಟು ಏನು ಬದಲಾಯಿತು, ಏನು ಉಳಿಯಿತು ಎಂದು ಕೇಳಬಹುದು. ಮೊದಲ 10 ನಿಮಿಷ ಪದಗಳ ಅರ್ಥ, ಆಮೇಲೆ ಮೂರೇ ಪ್ರಶ್ನೆ: ಯಾರು ಬರೆಸಿದ್ದು, ಯಾರಿಗಾಗಿ, ಚಿತ್ರದಲ್ಲಿ ಯಾರಿಲ್ಲ? ಚರ್ಚೆ ಕನ್ನಡದಲ್ಲೇ ನಡೆಯಲಿ, ಅಡ್ಡಿಯಿಲ್ಲ.

ತೊಡಕು ಬರವಣಿಗೆಯಲ್ಲಿ. ‘ದಿ ಆಡ್ ಈಸ್ ಬ್ಯಾಡ್’ ಅಂತ ಬರೆದು ಪೆನ್ನು ಕೆಳಗಿಡುತ್ತಾರೆ. ಯೋಚನೆ ಇರುತ್ತದೆ, ಕಾರಣ ಹೇಳುವ ಇಂಗ್ಲಿಷ್ ವಾಕ್ಯ ಇರುವುದಿಲ್ಲ. ‘ದಿ ಆಡ್ ವಾಂಟ್ಸ್ ಅಸ್ ಟು ಥಿಂಕ್...’, ‘ಇಟ್ ಲೀವ್ಸ್ ಔಟ್...’ ತರಹದ ಆರಂಭಗಳು ಇನ್ನೂ ನಾಲ್ಕೈದು ಬೇಕು. ಜೊತೆಗೆ 30 ಪದ ಮೀರದ ಗೊಬ್ಬರ, ಕೋಚಿಂಗ್ ಸೆಂಟರ್ ಜಾಹೀರಾತುಗಳಿದ್ದರೆ ಫೋಟೊ ಹಾಕಿ. ಸೌಂದರ್ಯವರ್ಧಕ ಮಾತ್ರ ಸಾಕಪ್ಪಾ ಸಾಕು, ಹುಡುಗರು ‘ನಮಗಲ್ಲ’ ಅಂತ ಕೈಕಟ್ಟಿ ಕೂರುತ್ತಾರೆ.